ಡಿಡಬ್ಲ್ಯೂಐ ವೆಲಿಂಗ್ಟನ್ ಮಾಡೆಲ್: ಬಳೆ ಸೊಟ್ಟಗಾದರೆ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವುದು

1939ರ ಕೊನೆಯಲ್ಲಿ ಜರ್ಮನಿ ಬ್ರಿಟನ್ನಿನ ಕರಾವಳಿಯಲ್ಲಿ ಕಾಂತೀಯ ಮೈನ್‌ಗಳನ್ನು, ಅಂದರೆ ಮೇಲೆ ಬರುವ ಹಡಗಿನ ಕಾಂತಕ್ಷೇತ್ರಕ್ಕೆ ಸಿಡಿಯುವ ನೀರಡಿಯ ಬಾಂಬ್‌ಗಳನ್ನು, ಬಿಟ್ಟಿತು. ನವೆಂಬರ್ 23ರಂದು ಶೂಬರಿನೆಸ್ ಬಳಿ ಕೆಸರಿನಲ್ಲಿ ಸಿಕ್ಕ ಒಂದನ್ನು ನೌಕಾದಳದ ಜಾನ್ ಔವ್ರಿ ತಂಡ ಬಿಚ್ಚಿದ ಮೇಲೆ ಅದರ ಗುಟ್ಟು ತಿಳಿಯಿತು. ಆಮೇಲೆ ಕೆಲವು ವಿಕರ್ಸ್ ವೆಲಿಂಗ್ಟನ್ ಮಾರ್ಕ್ 1ಎ ಬಾಂಬರ್‌ಗಳ ಅಡಿಗೆ 48 ಅಡಿ ವ್ಯಾಸದ ಬಳೆ ಕಟ್ಟಿದರು. ಬಳೆಯೊಳಗೆ ಅಲ್ಯೂಮಿನಿಯಂ ಸುರುಳಿ, ವಿಮಾನದ ಒಡಲೊಳಗೆ ಫೋರ್ಡ್ ವಿ8 ಎಂಜಿನ್ ತಿರುಗಿಸುವ ಜನರೇಟರ್. ಕರೆಂಟ್ ಹರಿಸಿ ನೀರಿನ ಮೇಲೆ ತಗ್ಗಿನಲ್ಲಿ ಹಾರಿದರೆ ಕೆಳಗಿನ ಮೈನ್ ಸಿಡಿಯುತ್ತಿತ್ತು. ವಿಷಯ ಹೊರಬೀಳಬಾರದೆಂದು ಇದಕ್ಕೆ ಡೈರೆಕ್ಷನಲ್ ವೈರ್‌ಲೆಸ್ ಇನ್‌ಸ್ಟಾಲೇಷನ್ (ಡಿಡಬ್ಲ್ಯೂಐ) ಎಂಬ ಸುಳ್ಳು ಹೆಸರಿಟ್ಟರು. ಮುಂದೆ ಸೂಯೆಜ್ ಕಾಲುವೆಯ ಮೈನ್‌ಗಳನ್ನೂ ಇಂಥವೇ ವಿಮಾನಗಳು ಗುಡಿಸಿದವು.

1/72 ಅಳತೆಯಲ್ಲಿ ಈ ಮಾಡೆಲ್ ಮಾಡುವವರಿಗೆ ಒಂದು ಅನುಕೂಲವಿದೆ. 48 ಅಡಿಯನ್ನು 72ರಿಂದ ಭಾಗಿಸಿದರೆ ಸರಿಯಾಗಿ 8 ಇಂಚು, ಅಂದರೆ 203.2 ಮಿ.ಮೀ. ಬರುತ್ತದೆ. 1/48 ಅಳತೆಗಾದರೆ 12 ಇಂಚು, 304.8 ಮಿ.ಮೀ. ಅಷ್ಟು ದೊಡ್ಡ, ತೆಳ್ಳಗಿನ ವೃತ್ತವೊಂದು ಮೂಗು, ಎರಡು ರೆಕ್ಕೆ ಮತ್ತು ಹಿಂಬದಿಯ ಒಡಲು ಹೀಗೆ ನಾಲ್ಕು ಕಡೆ ಹಿಡಿದುಕೊಂಡು ನಿಲ್ಲಬೇಕು. ಎಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಅದು ಬಳೆಯಲ್ಲೇ ಎದ್ದು ಕಾಣುತ್ತದೆ. ಹಾಗೆಂದು ತಪ್ಪು ಬಳೆಯದ್ದೇ ಆಗಿರಬೇಕಿಲ್ಲ. ಈ ಮಾಡೆಲ್‌ನಲ್ಲಿ ಬಳೆಯನ್ನು ಕಿತ್ತು ಮತ್ತೆ ಮಾಡಿದವರಲ್ಲಿ ಹೆಚ್ಚಿನವರು ಸರಿಯಾಗಿಯೇ ಇದ್ದ ಬಳೆಯನ್ನು ಕಿತ್ತಿರುತ್ತಾರೆ. ಆದ್ದರಿಂದ ಮೊದಲು ಅಳೆಯಿರಿ, ಆಮೇಲೆ ಚಾಕು ಹಿಡಿಯಿರಿ.

ಕಿಟ್ ಸರಿಯಿದೆಯೇ

ಇದು ಬೇಗ ಮುಗಿಯುವ ಪರೀಕ್ಷೆ. ಬೇಕಾಗಿರುವುದು ಪೆಗಾಸಸ್ ಎಂಜಿನ್ನಿನ ಮೊದಲ ತಲೆಮಾರಿನ ವೆಲಿಂಗ್ಟನ್. ಏರ್‌ಫಿಕ್ಸ್ 2018ರಲ್ಲಿ ತಂದ 1/72 ಕಿಟ್‌ನಿಂದ 1ಎ, 1ಸಿ ಎರಡನ್ನೂ ಮಾಡಬಹುದು. ಮರ್ಲಿನ್ ಎಂಜಿನ್ನಿನ ಮಾರ್ಕ್ 2, ಹರ್ಕ್ಯುಲಿಸ್ ಎಂಜಿನ್ನಿನ ಮಾರ್ಕ್ 3 ಅಥವಾ 10ರ ಕಿಟ್ ತಂದಿದ್ದರೆ ಎಂಜಿನ್ ಗೂಡುಗಳನ್ನೇ ಬದಲಿಸಬೇಕಾಗುತ್ತದೆ, ಆ ಶ್ರಮ ಬೇಡ. 1ಸಿಯ ಪಕ್ಕದ ಕಿಟಕಿಗಳಲ್ಲಿ ಬರುವ ಮೆಷಿನ್‌ಗನ್‌ಗಳು ಇಲ್ಲಿಗೆ ಬೇಡ. ಮೂಗಿನ ಮತ್ತು ಬಾಲದ ಗನ್ ಟರೆಟ್ (ತಿರುಗುವ ಗನ್ ಗೂಡು) ಎರಡನ್ನೂ ತೆಗೆದು ಮುಚ್ಚಿದ್ದರು. ಹೊಟ್ಟೆಯಡಿಯ ಟರೆಟ್ಟೂ ಇರಬಾರದು.

ಹತ್ತು ನಿಮಿಷದ ಮೊದಲ ತಪಾಸಣೆ

ಒಂದು ದಪ್ಪ ಗಾಜಿನ ಹಲಗೆ ಅಥವಾ ಕನ್ನಡಿ, ಸ್ಟೀಲ್ ಸ್ಕೇಲ್, ವರ್ನಿಯರ್ ಕ್ಯಾಲಿಪರ್, ಕೆಲವು ಹಾಳೆ ಸಾಮಾನ್ಯ 80 ಜಿಎಸ್ಎಂ ಕಾಗದ ಇಟ್ಟುಕೊಳ್ಳಿ. ಈ ಕಾಗದ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ ಇರುತ್ತದೆ, ಹಾಗಾಗಿ ಸಂದು ಅಳೆಯಲು ಬೇರೆ ಉಪಕರಣ ಬೇಡ.

ಬಳೆ ಇನ್ನೂ ಅಂಟಿಸಿಲ್ಲವಾದರೆ, ಅಥವಾ ಮುರಿಯದೆ ಬಿಡಿಸಲು ಬರುವಂತಿದ್ದರೆ, ಅದನ್ನು ಗಾಜಿನ ಮೇಲೆ ಮಲಗಿಸಿ ಬೆರಳ ತುದಿಯಿಂದ ಸುತ್ತಲೂ ಒಂದೊಂದೇ ಕಡೆ ಮೆಲ್ಲಗೆ ಒತ್ತಿ. ಎಲ್ಲಾದರೂ "ಟಿಕ್" ಎಂದು ಗಾಜಿಗೆ ಬಡಿದರೆ ಅಲ್ಲಿ ಎದ್ದಿದೆ ಎಂದರ್ಥ. ಆ ಸಂದಿಗೆ ಕಾಗದ ತೂರಿಸುತ್ತ ಹೋಗಿ. ನಾಲ್ಕು ಹಾಳೆ ಹಿಡಿಸಿದರೆ 0.4 ಮಿ.ಮೀ. ಎದ್ದಿದೆ. 0.5ರ ಒಳಗಿದ್ದರೆ ಬಳೆಯನ್ನು ಬಿಟ್ಟುಬಿಡಿ, ಆಸರೆಗಳು ಅದನ್ನು ಎಳೆದು ಸರಿಮಾಡುತ್ತವೆ. ಆಮೇಲೆ 45 ಡಿಗ್ರಿಗೊಂದರಂತೆ ನಾಲ್ಕು ವ್ಯಾಸ ಅಳೆದು ಬರೆದುಕೊಳ್ಳಿ. ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿದೆ.

ಈ ಎರಡರಲ್ಲೂ ಬಳೆ ಪಾಸಾಯಿತು, ಆದರೆ ವಿಮಾನಕ್ಕೆ ಕೂರಿಸಿದ ಕೂಡಲೇ ಸೊಟ್ಟ ಕಾಣುತ್ತಿದೆ ಎಂದಾದರೆ ದೋಷ ವಿಮಾನದ್ದು. ಬಳೆಯನ್ನು ಮುಟ್ಟಬೇಡಿ.

ವಿಮಾನವನ್ನು ಚಕ್ರದ ಮೇಲೆ ನಿಲ್ಲಿಸಿ ಬಳೆಯ ಎತ್ತರವನ್ನು ಮೇಜಿನಿಂದ ಅಳೆಯುವುದು ಹಲವರು ಮಾಡುವ ಕೆಲಸ. ವೆಲಿಂಗ್ಟನ್ ಬಾಲಚಕ್ರದ ವಿಮಾನ. ನೆಲದ ಮೇಲೆ ಮೂಗು ಮೇಲೆ, ಬಾಲ ಕೆಳಗೆ. ಹೀಗಾಗಿ ಬಳೆಯ ಹಿಂಭಾಗ ಮೇಜಿಗೆ ಹತ್ತಿರ ಇರಲೇಬೇಕು. ಒಂದೊಂದು ಡಿಗ್ರಿ ಓರೆಗೂ 203 ಮಿ.ಮೀ. ಉದ್ದದಲ್ಲಿ ಸುಮಾರು 3.5 ಮಿ.ಮೀ. ವ್ಯತ್ಯಾಸ ಬರುತ್ತದೆ. ಅದನ್ನು ತಪ್ಪೆಂದು ತಿಳಿದು ಹಿಂದಿನ ಆಸರೆಯನ್ನು ಕತ್ತರಿಸಿದರೆ ಸರಿಯಿದ್ದದ್ದು ಕೆಡುತ್ತದೆ. ಅಳತೆ ಯಾವಾಗಲೂ ಒಡಲಿನ ನಡುರೇಖೆಯಿಂದ. ಫೋಮಿನಲ್ಲಿ ತೊಟ್ಟಿಲು ಕೊರೆದು, ವಿಮಾನವನ್ನು ತಲೆಕೆಳಗಾಗಿ ಮಲಗಿಸಿ, ನಡುರೇಖೆ ಗಾಜಿಗೆ ಸಮಾನಾಂತರ ಬರುವಂತೆ ಬಾಲದಡಿ ಕಾರ್ಡು ತೂರಿಸಿ ಹೊಂದಿಸಿ. ಇನ್ನು ಮುಂದಿನ ಎಲ್ಲ ಅಳತೆಯೂ ಈ ಭಂಗಿಯಲ್ಲೇ.

ಬಳೆಯೇ ಅಳತೆಗೆ ಚಿಕ್ಕದಾಗಿದೆ, ಅಥವಾ ದೊಡ್ಡದಾಗಿದೆ

ಚಿಕ್ಕದಾಗಿದ್ದರೆ ಕಾರಣ ಬಹುಪಾಲು ಪ್ರಿಂಟರ್. 203.2 ಮಿ.ಮೀ. ವೃತ್ತವನ್ನು ಎ4 ಹಾಳೆಯ 210 ಮಿ.ಮೀ. ಅಗಲದಲ್ಲಿ ಕೂರಿಸಿದರೆ ಎರಡೂ ಬದಿ 3.4 ಮಿ.ಮೀ. ಮಾತ್ರ ಉಳಿಯುತ್ತದೆ. ಅಷ್ಟು ಅಂಚಿನವರೆಗೆ ಅಚ್ಚು ಹಾಕಲಾಗದ ಪ್ರಿಂಟರ್‌ಗಳು ಹೇಳದೆ ಕೇಳದೆ ಚಿತ್ರವನ್ನು ಕುಗ್ಗಿಸುತ್ತವೆ. ಶೇ. 97ಕ್ಕೆ ಕುಗ್ಗಿದರೂ ವೃತ್ತ 197 ಮಿ.ಮೀ. ಆಗಿಹೋಗುತ್ತದೆ. ಆ ಹಾಳೆ ನಂಬಿ ಕತ್ತರಿಸಿದ ಬಳೆ ರೆಕ್ಕೆಯ ಗುರುತುಗಳಿಗೆ ಎರಡೂ ಕಡೆ 3 ಮಿ.ಮೀ. ಮೊದಲೇ ನಿಂತುಬಿಡುತ್ತದೆ. ಇದಕ್ಕೆ ರಿಪೇರಿಯಿಲ್ಲ, ಹೊಸ ಬಳೆಯೇ ಗತಿ. ಅಚ್ಚಿನ ಹಾಳೆಯ ಸಹವಾಸ ಬಿಟ್ಟು ನೇರವಾಗಿ ಪ್ಲಾಸ್ಟಿಕ್ ಶೀಟಿನ ಮೇಲೆ 101.6 ಮಿ.ಮೀ. ತ್ರಿಜ್ಯಕ್ಕೆ ಕೈವಾರ ಎಳೆಯಿರಿ.

ದೊಡ್ಡದಾಗಿದ್ದರೆ ಅಚ್ಚಿನ ಹೊರಗೆ ಸುತ್ತಿದ್ದೀರಿ. 203 ಮಿ.ಮೀ. ವ್ಯಾಸದ ಮರದ ತಟ್ಟೆಯ ಸುತ್ತ 4 ಮಿ.ಮೀ. ದಪ್ಪಕ್ಕೆ ಪಟ್ಟಿ ಸುತ್ತಿದರೆ ಹೊರವ್ಯಾಸ 211 ಆಗುತ್ತದೆ. ಮೂಲ ಅಳತೆಗೆ ಹಿಗ್ಗಿಸಿದರೆ ಅದು ಸುಮಾರು 50 ಅಡಿ. ಹೊರಗಿನ ಅಂಚು 203.2 ಬರಬೇಕೆಂದರೆ ತಟ್ಟೆ 195.2 ಇರಬೇಕು. ಒಳಸುತ್ತಿಗೆ ಬೇಕಾಗುವ ಪಟ್ಟಿ 613 ಮಿ.ಮೀ., ಹೊರಸುತ್ತಿಗೆ 638. ಬಳೆಯ ದಪ್ಪವನ್ನು ನೀವು ಮಾಡುತ್ತಿರುವ ವಿಮಾನದ ಚಿತ್ರದಲ್ಲಿ ಎಂಜಿನ್ ಮುಸುಕಿನ ವ್ಯಾಸದ ಜೊತೆ ಹೋಲಿಸಿ ತೀರ್ಮಾನಿಸಿ. ಇಲ್ಲಿನ ಲೆಕ್ಕಕ್ಕೆ 4 ಮಿ.ಮೀ. ಹಿಡಿದಿದ್ದೇವೆ. ನಿಮ್ಮದು ಬೇರೆಯಾದರೆ ತಟ್ಟೆಯ ವ್ಯಾಸವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಮಾಡಿದಾಗ ಸಮತಟ್ಟಾಗಿತ್ತು, ವಾರದ ನಂತರ ತಿರುಚಿಕೊಂಡಿತು

ಇದು ಅಂಟಿನ ದೋಷ. ಶೀಟಿನಿಂದ ಬಳೆ ಕತ್ತರಿಸಿ ಒಂದರ ಮೇಲೊಂದು ಅಂಟಿಸುವುದು ಒಳ್ಳೆಯ ವಿಧಾನವೇ. ಆದರೆ ನೀರಿನಂತೆ ಹರಿಯುವ ದ್ರಾವಕ ಅಂಟನ್ನು ಎರಡು ಪದರದ ನಡುವೆ ಧಾರಾಳವಾಗಿ ಬಿಟ್ಟರೆ ಅದು ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಮೆತ್ತಗಾಗಿ, ದ್ರಾವಕ ಆರಿದಂತೆಲ್ಲ ಕುಗ್ಗುತ್ತದೆ. ಅಂಚು ಬೇಗ ಆರುತ್ತದೆ, ನಡುಭಾಗ ತಡವಾಗಿ. ಈ ಏರುಪೇರೇ ಬಳೆಯನ್ನು ತಿರುಚುವುದು.

ಖಚಿತಪಡಿಸಿಕೊಳ್ಳಲು ಒಳಬದಿಯ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೂ ದ್ರಾವಕ ಇದೆ. ಹಾಗಿದ್ದರೆ ಈಗಲೇ ಏನೂ ಸರಿಮಾಡಲು ಹೋಗಬೇಡಿ. ಎರಡು ಸಮತಟ್ಟಾದ ಹಲಗೆಗಳ ನಡುವೆ ಬಳೆಯನ್ನಿಟ್ಟು ಮೇಲೆ ಭಾರ ಹೇರಿ ಎರಡು ವಾರ ಬಿಡಿ. ಗಟ್ಟಿಯಾದ ಮೇಲೂ ತಿರುಚು ಉಳಿದಿದ್ದರೆ ಎರಡು ಅಲ್ಯೂಮಿನಿಯಂ ಹಲಗೆಗಳ ನಡುವೆ ಕ್ಲಿಪ್ ಹಾಕಿ ಬಿಗಿದು 65ರಿಂದ 70 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ಇಡಿ. ನೀರು ತಾನಾಗಿ ಆರುವವರೆಗೂ ಕ್ಲಿಪ್ ಬಿಚ್ಚಬಾರದು. ಕುದಿಯುವ ನೀರು ಬೇಡವೇ ಬೇಡ. ಸ್ಟೈರೀನ್, ಅಂದರೆ ಕಿಟ್ ಮತ್ತು ಶೀಟಿನ ಈ ಪ್ಲಾಸ್ಟಿಕ್, ಸುಮಾರು 100 ಡಿಗ್ರಿಯ ಹೊತ್ತಿಗೆ ಪೂರ್ತಿ ಮೆತ್ತಗಾಗಿ ಅಂಚೆಲ್ಲ ಉಬ್ಬಿ ಹೋಗುತ್ತದೆ.

ಮತ್ತೆ ಮಾಡುವುದಾದರೆ ಇನ್ನೊಂದು ವಿಷಯ ಗಮನದಲ್ಲಿರಲಿ. ಕಾರ್ಖಾನೆಯಲ್ಲಿ ಎಳೆದು ತೆಗೆದ ಪ್ಲಾಸ್ಟಿಕ್ ಶೀಟಿಗೆ ಮರಕ್ಕಿರುವಂತೆ ಒಂದು ಎಳೆಯ ದಿಕ್ಕು ಇರುತ್ತದೆ. ಬಿಸಿಗಾಗಲಿ ದ್ರಾವಕಕ್ಕಾಗಲಿ ಆ ದಿಕ್ಕಿನಲ್ಲಿ ಹೆಚ್ಚು ಕುಗ್ಗುತ್ತದೆ. ನಾಲ್ಕೂ ಪದರವನ್ನು ಒಂದೇ ದಿಕ್ಕಿನಲ್ಲಿ ಜೋಡಿಸಿದರೆ ಬಳೆ ನಿಧಾನವಾಗಿ ಮೊಟ್ಟೆಯಾಕಾರ ತಾಳುತ್ತದೆ. ವ್ಯಾಸಗಳನ್ನು ಅಳೆದಾಗ ಒಂದು ದಿಕ್ಕು ಚಿಕ್ಕದು, ಅದಕ್ಕೆ ಅಡ್ಡ ದಿಕ್ಕು ದೊಡ್ಡದು ಎಂದು ಬಂದರೆ ಇದೇ ಕಾರಣ. 1 ಮಿ.ಮೀ. ಶೀಟಿನಿಂದ ಕಾಲುವೃತ್ತದ 16 ತುಂಡು ಕತ್ತರಿಸಿ. ಒಂದೊಂದು ತುಂಡಿಗೆ 144 × 33 ಮಿ.ಮೀ. ಜಾಗ ಸಾಕು. ಪದರಕ್ಕೆ ನಾಲ್ಕರಂತೆ ಜೋಡಿಸಿ, ಮುಂದಿನ ಪದರದ ಕೂಡುಗಳು ಹಿಂದಿನದಕ್ಕಿಂತ 45 ಡಿಗ್ರಿ ಸರಿದು ಬರುವಂತೆ ನೋಡಿಕೊಳ್ಳಿ. ಪದರಗಳ ನಡುವೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಅತ್ಯುತ್ತಮ. ತೆಳುವಾಗಿ ಹಚ್ಚಿ, ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಭಾರ ಹೇರಿ ಒಂದು ದಿನ ಬಿಡಿ.

ಒಂದೇ ದಪ್ಪ ಕಡ್ಡಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಬಗ್ಗಿಸುವ ವಿಧಾನ ಈ ಅಳತೆಗೆ ಹೊಂದುವುದಿಲ್ಲ. ಎಷ್ಟು ಜೋಪಾನ ಮಾಡಿದರೂ ಕೈ ಹಿಡಿದ ಜಾಗಗಳು ಚಪ್ಪಟೆಯಾಗಿ, ಕೂಡಿದ ಜಾಗದಲ್ಲಿ ಮೊನೆ ಎದ್ದು ನಿಲ್ಲುತ್ತದೆ.

ವೃತ್ತ ಸರಿಯಿದೆ, ಆದರೂ ಮೂಲೆಮೂಲೆಯಾಗಿ ಕಾಣುತ್ತದೆ

ನೇರವಾದ ಮರದ ತುಂಡಿಗೆ ಉಜ್ಜುಕಾಗದ ಸುತ್ತಿ ಉಜ್ಜಿದ್ದರ ಫಲ ಇದು. ಕ್ಯಾಲಿಪರ್‌ಗೆ ಸಿಗದು, ಬೆಳಕಿಗೆ ಸಿಗುತ್ತದೆ. ಬಳೆಗೆ ಹೊಳಪಿನ ಕೋಟ್ ಒಂದು ಹಾಕಿ, ಟ್ಯೂಬ್‌ಲೈಟಿನ ಕೆಳಗೆ ನಿಧಾನವಾಗಿ ತಿರುಗಿಸಿ. ಪ್ರತಿಫಲಿಸಿದ ಬೆಳಕಿನ ಗೆರೆ ಒಂದೇ ಸಮನೆ ಜಾರಿ ಹೋಗಬೇಕು. ಎಲ್ಲಿ ತಡೆದು ಹಾರುತ್ತದೋ ಅಲ್ಲಿ ಮೂಲೆಯಿದೆ. ಪೆನ್ಸಿಲ್‌ನಿಂದ ಗುರುತು ಮಾಡಿಕೊಳ್ಳಿ.

ಸರಿಪಡಿಸಲು 0.5 ಮಿ.ಮೀ. ಹಿತ್ತಾಳೆ ತಗಡಿನಲ್ಲಿ ಬಳೆಯ ಅಡ್ಡಕೊಯ್ತದ ಅರ್ಧ ಆಕಾರವನ್ನು ಅರದಿಂದ ಉಜ್ಜಿ ಕೆರೆಯುವ ಪಟ್ಟಿ ಮಾಡಿಕೊಳ್ಳಿ. ಬಳೆಯನ್ನು ಗಾಜಿನ ಮೇಲೆ ತಿರುಗಿಸುತ್ತ ಈ ಪಟ್ಟಿಯನ್ನು ಒಂದೇ ಕಡೆ ಹಿಡಿದು ಕೆರೆಯಿರಿ. ತಿರುಗಬೇಕಾದ್ದು ಬಳೆ, ಕೈ ಅಲ್ಲ. ಕೊನೆಗೆ 600, ಆಮೇಲೆ 1000 ನಂಬರಿನ ಕಾಗದವನ್ನು ಬಟ್ಟೆಯಂತೆ ಮಡಚಿ ಬೆರಳಲ್ಲಿ ಹಿಡಿದು ನೀರು ಹಾಕಿ ಉಜ್ಜಿ.

ಗಾಜಿನ ಮೇಲೆ ಸರಿ, ವಿಮಾನದ ಮೇಲೆ ಓರೆ

ಇದೇ ಅತಿ ಹೆಚ್ಚು ಬರುವ ದೂರು. ಮೂರು ಬಿಂದುಗಳು ಒಂದು ಸಮತಲವನ್ನು ತೀರ್ಮಾನಿಸಿಬಿಡುತ್ತವೆ. ನಾಲ್ಕನೆಯ ಆಸರೆ ಆ ಸಮತಲಕ್ಕೆ ತಾನು ಹೊಂದಿಕೊಳ್ಳಬೇಕೇ ಹೊರತು ಅದನ್ನು ಎಳೆದಾಡಬಾರದು. ನಾಲ್ಕೂ ಆಸರೆಗಳನ್ನು ಮೊದಲೇ ಅಳತೆಗೆ ಕತ್ತರಿಸಿ, ನಾಲ್ಕಕ್ಕೂ ಒಟ್ಟಿಗೆ ಅಂಟು ಹಾಕಿ ಒತ್ತಿದರೆ ಬಳೆ ತಿರುಚಿಯೇ ತಿರುಚುತ್ತದೆ.

ಎಲ್ಲಿ ಎಳೆತವಿದೆ ಎಂದು ತಿಳಿಯಲು ಹಿಂದಿನ ಆಸರೆಯನ್ನು ಬಳೆಯಿಂದ ಬಿಡಿಸಿ. ಸೂಪರ್‌ಗ್ಲೂ ಆಗಿದ್ದರೆ ತೆಳು ಗರಗಸದ ಅಲಗಿನಿಂದ ಕೊಯ್ಯಿರಿ, ತಿರುಚಿ ಕೀಳಬೇಡಿ. ಬಿಟ್ಟ ಕೂಡಲೇ ಬಳೆ ಆಸರೆಯಿಂದ ದೂರ ಸರಿಯಿತೇ, ಆಸರೆಯ ಪಕ್ಕಕ್ಕೆ ಜಾರಿತೇ ನೋಡಿ. ಮೇಲೆ ಕೆಳಗೆ ಸರಿದರೆ ಆಸರೆಯ ಉದ್ದ ತಪ್ಪಿದೆ. ಪಕ್ಕಕ್ಕೆ ಜಾರಿದರೆ ಬಳೆ ನಡುರೇಖೆಯಿಂದ ತಿರುಗಿ ಕೂತಿದೆ, ಅಂದರೆ ಬಳೆ ರೆಕ್ಕೆಗಳಿಗೆ ಸೇರುವ ಎರಡು ಬಿಂದುಗಳಲ್ಲಿ ಒಂದು ಹಿಂದೆ, ಒಂದು ಮುಂದೆ ಇವೆ.

ರೆಕ್ಕೆಗಳನ್ನೂ ಈಗಲೇ ಪರೀಕ್ಷಿಸಿ. ಈ ಅಳತೆಯಲ್ಲಿ ವೆಲಿಂಗ್ಟನ್ನಿನ ರೆಕ್ಕೆತುದಿಯಿಂದ ರೆಕ್ಕೆತುದಿಗೆ ಸುಮಾರು 365 ಮಿ.ಮೀ. ತಲೆಕೆಳಗಾಗಿ ಮಲಗಿಸಿದ ಭಂಗಿಯಲ್ಲಿ ಗಾಜಿನಿಂದ ಎರಡೂ ತುದಿಗಳ ಎತ್ತರ ಅಳೆಯಿರಿ. ಆಮೇಲೆ ಎರಡೂ ತುದಿಯಿಂದ ಬಾಲದ ಕೊನೆಗೆ ದಾರ ಹಿಡಿದು ಅಳೆಯಿರಿ. ಎತ್ತರ ಬೇರೆಯಾದರೆ ಒಂದು ರೆಕ್ಕೆ ಹೆಚ್ಚು ಮೇಲೆದ್ದಿದೆ. ದಾರ ಬೇರೆಯಾದರೆ ಒಂದು ರೆಕ್ಕೆ ಹಿಂದಕ್ಕೆ ಸರಿದಿದೆ. ಬಳೆಯ ಬಿಂದು ನಡುರೇಖೆಯಿಂದ 100 ಮಿ.ಮೀ.ಯಷ್ಟು ಹೊರಗೆ, ಅರ್ಧ ರೆಕ್ಕೆಯನ್ನು ದಾಟಿ ಬರುವುದರಿಂದ ತುದಿಯಲ್ಲಿ 2 ಮಿ.ಮೀ. ತಪ್ಪಿದ್ದರೆ ಇಲ್ಲಿ 1 ಮಿ.ಮೀ.ಗೂ ಮಿಕ್ಕಿ ತಪ್ಪುತ್ತದೆ. ಅಷ್ಟು ಓರೆ ಎದುರಿನಿಂದ ನೋಡಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ, ಏಕೆಂದರೆ ಪಕ್ಕದಲ್ಲೇ ರೆಕ್ಕೆಯ ಗೆರೆ ಇದೆ.

ರೆಕ್ಕೆ ಅಂಟಿ ಮುಗಿದಿದ್ದರೆ ಅದನ್ನು ಬಿಚ್ಚುವ ಅಗತ್ಯವಿಲ್ಲ. ವ್ಯತ್ಯಾಸವನ್ನು ರೆಕ್ಕೆಯಡಿಯ ಆಸರೆಯಲ್ಲೇ ನುಂಗಿಸಬಹುದು. ಎತ್ತರದ ಕಡೆ ಆಸರೆಯನ್ನು ಅಷ್ಟೇ ಉಜ್ಜಿ, ತಗ್ಗಿನ ಕಡೆ 0.25 ಮಿ.ಮೀ. ಶೀಟಿನ ತುಂಡು ಸೇರಿಸಿ. 1.5 ಮಿ.ಮೀ.ವರೆಗೆ ಹೀಗೆ ಸರಿದೂಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಮಾತ್ರ ರೆಕ್ಕೆಯ ಬುಡಕ್ಕೆ ಕೈ ಹಾಕಿ.

ಜೋಡಿಸುವ ಕ್ರಮ ಹೀಗಿರಲಿ. ಮೊದಲು ಎರಡು ರೆಕ್ಕೆಯ ಆಸರೆ, ಅವು ಗಟ್ಟಿಯಾದ ಮೇಲೆ ಮೂಗಿನದು. ಈ ಮೂರರಲ್ಲಿ ಬಳೆ ನಿಂತ ಮೇಲೆ ಹಿಂಬದಿಯ ಸಂದನ್ನು ಅಳೆದು, ನಾಲ್ಕನೆಯ ಆಸರೆಯನ್ನು ಅರ್ಧ ಮಿ.ಮೀ. ಉದ್ದವಾಗಿಯೇ ಕತ್ತರಿಸಿ, ಸಂದಿಗೆ ಸಲೀಸಾಗಿ ಜಾರಿ ಕೂರುವವರೆಗೆ ಉಜ್ಜಿ. ಒತ್ತಿ ಕೂರಿಸಬೇಕಾಗಿ ಬಂದರೆ ಇನ್ನೂ ಉದ್ದವಿದೆ.

ಕೂಡು ಮುರಿದಿದೆ: ಮುರಿದ ಮುಖವನ್ನು ನೋಡಿ

ಬಳೆ ರೆಕ್ಕೆಯಿಂದ ಕಳಚಿಕೊಂಡರೆ ತಕ್ಷಣ ಮತ್ತೆ ಅಂಟು ಹಾಕುವ ಆತುರ ಬೇಡ. ಭೂತಗನ್ನಡಿ ಹಿಡಿದು ಎರಡೂ ಮುಖಗಳನ್ನು ಜೊತೆಗಿಟ್ಟು ನೋಡಿ. ಕಾರಣವೆಲ್ಲ ಅಲ್ಲೇ ಇರುತ್ತದೆ.

ಒಂದು ಮುಖದಲ್ಲಿ ಬರೀ ಪ್ಲಾಸ್ಟಿಕ್, ಇನ್ನೊಂದರಲ್ಲಿ ಅಂಟಿನ ಜೊತೆ ಬಣ್ಣದ ಚಕ್ಕೆ ಕಂಡರೆ ನೀವು ಅಂಟಿಸಿದ್ದು ಬಣ್ಣಕ್ಕೆ, ಪ್ಲಾಸ್ಟಿಕ್‌ಗೆ ಅಲ್ಲ. ಆ ಕೂಡಿನ ಬಲ ಪ್ರೈಮರ್‌ನ ಹಿಡಿತದಷ್ಟೇ. ಎರಡೂ ಕಡೆ ಬಣ್ಣ ಕೆರೆದು ಬರಿ ಪ್ಲಾಸ್ಟಿಕ್ ತೋರಿಸಿ ಮತ್ತೆ ಅಂಟಿಸಿ.

ಒಂದು ಮುಖ ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದು ಅಂಟಿನ ಪೊರೆ ಪೂರ್ತಿ ಇನ್ನೊಂದರ ಮೇಲಿದ್ದರೆ ಮೇಲ್ಮೈ ಒರಟಾಗಿರಲಿಲ್ಲ, ಅಥವಾ ಕಿಟ್ ಭಾಗಗಳ ಮೇಲಿನ ಅಚ್ಚಿನ ಎಣ್ಣೆ ತೊಳೆದಿರಲಿಲ್ಲ. 320 ನಂಬರಿನ ಕಾಗದದಿಂದ ಗೀರಿ, ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ.

ಪ್ಲಾಸ್ಟಿಕ್ಕೇ ಹರಿದು, ಒಂದು ಕಡೆ ಗುಳಿ ಬಿದ್ದು ಆ ತುಂಡು ಇನ್ನೊಂದು ಕಡೆ ಅಂಟಿಕೊಂಡಿದ್ದರೆ ಅಂಟು ತನ್ನ ಕೆಲಸ ಮಾಡಿದೆ, ಭಾರ ಹೆಚ್ಚಾಗಿದೆ. ಆಗ ತೂಕದ ಲೆಕ್ಕ ನೋಡಬೇಕು. 4 ಮಿ.ಮೀ. ದಪ್ಪದ, ದುಂಡಗೆ ಉಜ್ಜಿದ ಸ್ಟೈರೀನ್ ಬಳೆ ಸುಮಾರು 8 ಗ್ರಾಂ ತೂಗುತ್ತದೆ. ಅದೇ ಸುತ್ತಳತೆಗೆ 3 ಮಿ.ಮೀ. ಗಟ್ಟಿ ಹಿತ್ತಾಳೆ ಕಂಬಿ ಹಾಕಿದರೆ 37 ಗ್ರಾಂ ದಾಟುತ್ತದೆ. ಬಳೆ ಗಟ್ಟಿಯಾಗಲಿ ಎಂದು ಹಿತ್ತಾಳೆ ಆರಿಸಿಕೊಂಡವರು ರೆಕ್ಕೆಗಳ ಮೇಲೆ ನಾಲ್ಕು ಪಟ್ಟಿಗೂ ಹೆಚ್ಚು ಭಾರ ಹೇರಿರುತ್ತಾರೆ. ಹಿತ್ತಾಳೆ ಬೇಕಾದ್ದು ಆಸರೆಗಳೊಳಗೆ, ಬಳೆಗೆ ಬೇಡ.

ಆಸರೆಗೆ 0.8 ಮಿ.ಮೀ. ಹಿತ್ತಾಳೆ ತಂತಿಯ ಮೊಳೆ ಹಾಕಿ. ಆದರೆ ರೆಕ್ಕೆ ಒಳಗೆ ಟೊಳ್ಳು. ಬರೀ 1 ಮಿ.ಮೀ. ಚರ್ಮದಲ್ಲಿ ತೂತು ಕೊರೆದು ತಂತಿ ತೂರಿಸಿದರೆ ಅದು ಸನ್ನೆಯಂತೆ ಅಲ್ಲಾಡಿ ತೂತನ್ನೇ ಅಗಲ ಮಾಡುತ್ತದೆ. ರೆಕ್ಕೆಯ ಎರಡು ಹೋಳು ಮುಚ್ಚುವ ಮೊದಲೇ ಬಿಂದುವಿನ ಜಾಗದಲ್ಲಿ 4 ಮಿ.ಮೀ. ದಪ್ಪದ ಸ್ಟೈರೀನ್ ತುಂಡು ಕೂರಿಸಬೇಕು. ಮುಚ್ಚಿ ಆಗಿದ್ದರೆ ವಿಮಾನ ತಲೆಕೆಳಗಾಗಿರುವಾಗ ಬಿಂದುವಿನಲ್ಲೇ 2.5 ಮಿ.ಮೀ. ತೂತು ಕೊರೆಯಿರಿ. ವಿಮಾನವನ್ನು ಚಕ್ರ ಕೆಳಗಾಗಿ ಹಿಡಿದರೆ ಎಪಾಕ್ಸಿ ಸೋರಿ ಹೋಗುತ್ತದೆ, ಅದಕ್ಕೆ ಹೊರಗಿನಿಂದ ಟೇಪ್ ಮುಚ್ಚಬೇಕು. ಸಿರಿಂಜಿನಿಂದ ಒಂದೆರಡು ಮಿಲಿಲೀಟರ್ ಎಪಾಕ್ಸಿ ಬಿಟ್ಟು, ಟೇಪ್ ಹಾಕಿ, ಕೂಡಲೇ ನೆಟ್ಟಗೆ ತಿರುಗಿಸಿ ಇಟ್ಟರೆ ಅದು ಕೆಳಗಿನ ಚರ್ಮದ ಮೇಲೆಯೇ ನಿಂತು ಗಟ್ಟಿಯಾಗುತ್ತದೆ. 24 ಗಂಟೆ ಕಳೆದ ಮೇಲೆ ಅದರಲ್ಲಿ ತಂತಿಯ ತೂತು ಕೊರೆಯಿರಿ.

ಮೂರು ಬಗೆಯ ಮುಖಗಳಲ್ಲಿ ಯಾವುದೂ ಅಲ್ಲ, ಕೂಡಿನಲ್ಲಿ ಕೂದಲೆಳೆಯ ಬಿರುಕು ಮಾತ್ರ ಬಂದಿದೆ, ಅದೂ ಯಾರೂ ಮುಟ್ಟದೆ, ಕಪಾಟಿನಲ್ಲಿದ್ದಾಗಲೇ. ಇದು ಹಿತ್ತಾಳೆ ಬಳೆ ಹಾಕಿದವರಿಗೆ ಬರುವ ತೊಂದರೆ. ಬಿಸಿಯಾದಾಗ ಸ್ಟೈರೀನ್ ಹಿತ್ತಾಳೆಗಿಂತ ಮೂರೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. 20 ಡಿಗ್ರಿ ಏರಿಳಿತಕ್ಕೆ ಮೂಗಿನ ಆಸರೆಯಿಂದ ಹಿಂದಿನ ಆಸರೆಯವರೆಗೆ ಇವೆರಡರ ನಡುವೆ 0.2 ಮಿ.ಮೀ. ವ್ಯತ್ಯಾಸ ಬೀಳುತ್ತದೆ. ಸೂಪರ್‌ಗ್ಲೂ ಬಿರುಸು, ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಹಿಂದಿನ ಆಸರೆಯ ಮೊಳೆಗೆ ಉದ್ದುದ್ದ ತೂತು ಕೊರೆದು, ಅಂಟು ಹಾಕದೆ ಜಾರಲು ಬಿಡುವುದೇ ಪರಿಹಾರ. ಸ್ಟೈರೀನ್ ಬಳೆಗೆ ಈ ಕಾಟವಿಲ್ಲ, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ರೆಕ್ಕೆಯೇ ಜೋತುಬಿದ್ದಿದೆ

ಬಳೆ ಜೋಡಿಸಿದ ಕೆಲವು ದಿನಗಳಲ್ಲಿ ರೆಕ್ಕೆಯ ಬುಡದ ಮೇಲ್ಭಾಗದಲ್ಲಿ ಸೀಳು ಕಂಡರೆ ಒಳಗೆ ಎರಡೂ ರೆಕ್ಕೆಗಳನ್ನು ಹೊರುವ ಬೆನ್ನುಕಂಬಿ ಇಲ್ಲ ಎಂದರ್ಥ. ವೆಲಿಂಗ್ಟನ್ನಿನ ಒಡಲೊಳಗಿನ ಜನರೇಟರ್, ಫೋರ್ಡ್ ಎಂಜಿನ್ ಎಲ್ಲ ಕೆತ್ತಿ ಕೂರಿಸುವ ಆಸೆ ಸಹಜ, ಆದರೆ ಮುಚ್ಚಿದ ಮೇಲೆ ಹೊರಗಿನಿಂದ ಏನೂ ಕಾಣುವುದಿಲ್ಲ. ಆ ಜಾಗವನ್ನು ಕಂಬಿಗೆ ಕೊಡಿ. 2 ಮಿ.ಮೀ. ಹಿತ್ತಾಳೆ ಕೊಳವೆಯ ಎರಡು ತುಂಡುಗಳನ್ನು ರೆಕ್ಕೆಯ ಏರುಕೋನಕ್ಕೆ ಸರಿಯಾಗಿ ನಡುವೆ ಬೆಸೆದು, ಪ್ರತಿ ರೆಕ್ಕೆಯೊಳಗೆ ಕನಿಷ್ಠ 60 ಮಿ.ಮೀ. ಹೋಗುವಂತೆ ಕೂರಿಸಿ. ಕೊಳವೆಯನ್ನು ನೇರವಾಗಿ ಹಾಕಿ ಆಮೇಲೆ ರೆಕ್ಕೆಯನ್ನು ಬಗ್ಗಿಸಲು ನೋಡಿದರೆ ಕಂಬಿ ಗೆದ್ದು ರೆಕ್ಕೆ ಚಪ್ಪಟೆಯಾಗಿಬಿಡುತ್ತದೆ.

ಮೂಗಿನ ಮುಚ್ಚಳದಲ್ಲಿ ಗೆರೆ ಮತ್ತೆ ಮತ್ತೆ ಏಳುತ್ತದೆ

ಟರೆಟ್ ಇದ್ದ ಕಡೆ ಮುಚ್ಚಿದ ಮೂಗನ್ನು 1 ಮಿ.ಮೀ. ಶೀಟಿನ ಎರಡು ಆಕಾರಗಳನ್ನು ಅಡ್ಡಡ್ಡ ಸೇರಿಸಿ, ನಾಲ್ಕು ಕೋಣೆಗಳಲ್ಲಿ ಎಪಾಕ್ಸಿ ಪುಟ್ಟಿ ತುಂಬಿ, ಶೀಟಿನ ಅಂಚು ತೆಳು ಗೆರೆಯಾಗಿ ತೋರುವವರೆಗೆ ಉಜ್ಜಿದರೆ ಆಕಾರ ತಪ್ಪುವುದಿಲ್ಲ. ಎಡಬಲ ಹೊಂದಿದೆಯೇ ಎಂಬುದಕ್ಕೆ ಒಂದೇ ಕಾರ್ಡಿನ ಅಚ್ಚನ್ನು ಎರಡೂ ಕಡೆ ತಿರುವಿ ಹಿಡಿದು ನೋಡಿ. ಕನ್ನಡಿಯಲ್ಲಿ ನೋಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ತೊಂದರೆ ಕೊಡುವುದು ಒಡಲಿಗೆ ಸೇರುವ ಕೂಡು. ಪ್ರೈಮರ್ ಹಾಕಿದಾಗ ಮಾಯವಾಗಿದ್ದ ಗೆರೆ ಬಣ್ಣ ಒಣಗಿದ ಮೇಲೆ ಇಣುಕುತ್ತದೆ. ಟ್ಯೂಬಿನ ದ್ರಾವಕ ಪುಟ್ಟಿಯನ್ನು 1 ಮಿ.ಮೀ.ಗಿಂತ ದಪ್ಪ ತುಂಬಿದ್ದರೆ ಅದು ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಗೆರೆ ತಗ್ಗಾಗಿದೆಯೇ ಉಬ್ಬಾಗಿದೆಯೇ ಎಂದು ಉಗುರಾಡಿಸಿ. ತಗ್ಗಾಗಿದ್ದರೆ ಪುಟ್ಟಿ ಕುಗ್ಗಿದೆ, ಉಬ್ಬಾಗಿದ್ದರೆ ಬಣ್ಣದ ದ್ರಾವಕ ಹೀರಿ ಊದಿಕೊಂಡಿದೆ. ಎರಡಕ್ಕೂ ಔಷಧಿ ಒಂದೇ. ಗೆರೆಯನ್ನು ವಿ ಆಕಾರಕ್ಕೆ ಕೆರೆದು, ದಪ್ಪ ಸೂಪರ್‌ಗ್ಲೂ ತುಂಬಿ, ಅರ್ಧ ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿಯಿಡೀ ಬಿಟ್ಟರೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜಿದಾಗ ಪಕ್ಕದ ಪ್ಲಾಸ್ಟಿಕ್ಕೇ ಸವೆದು ಅದು ಏಣಿನಂತೆ ಉಳಿಯುತ್ತದೆ. ಕಾಕ್‌ಪಿಟ್ ಗಾಜು ಹತ್ತಿರವಿರುವುದರಿಂದ ಅದನ್ನು ಮೊದಲೇ ತೆಗೆದಿಡಿ, ಸೂಪರ್‌ಗ್ಲೂ ಆವಿಗೆ ಬಿಳಿ ಮಂಜು ಕಟ್ಟುತ್ತದೆ.

ಉಜ್ಜುವ ಭರದಲ್ಲಿ ಒಡಲಿನ ಬಟ್ಟೆಯಡಿ ಕಾಣುವ ಜಾಲರಿಯ ಉಬ್ಬು ಅಳಿಸಿಹೋದರೆ, ಎಂಜಿನಿಯರ್ ಬಾರ್ನ್ಸ್ ವಾಲಿಸ್ ರೂಪಿಸಿದ ಆ ಜಾಲರಿಯೇ ಈ ವಿಮಾನದ ಗುರುತಾಗಿರುವುದರಿಂದ ಹಾಗೆ ಬಿಡುವಂತಿಲ್ಲ. ಅಳಿದ ಗೆರೆಗಳ ಎರಡೂ ಬದಿ ತೆಳು ಟೇಪ್ ಅಂಟಿಸಿ, ನಡುವಿನ 0.7 ಮಿ.ಮೀ. ಸಂದಿಗೆ ದಪ್ಪ ಪ್ರೈಮರ್‌ನ ಮೂರು ಕೋಟ್ ಹೊಡೆದು ಟೇಪ್ ಕಿತ್ತರೆ ಉಬ್ಬು ಮರಳುತ್ತದೆ. ಅಂಚನ್ನು 1500 ನಂಬರಿನ ಕಾಗದದಿಂದ ಒಮ್ಮೆ ಸವರಿ ಮೆದು ಮಾಡಿ.

ಹೊಟ್ಟೆಯಡಿ ಬಣ್ಣ ಮಚ್ಚೆಮಚ್ಚೆಯಾಗಿದೆ

ಬಳೆ ಕೂರಿಸಿ ಆಮೇಲೆ ಏರ್‌ಬ್ರಶ್ ಹಿಡಿದರೆ ಬಳೆಯ ಹಿಂದಿನ ಜಾಗಕ್ಕೆ ಬಣ್ಣ ತಲುಪದೆ ನೆರಳಿನ ಪಟ್ಟಿ ಉಳಿಯುತ್ತದೆ. ತಲುಪಿಸಲು ಹತ್ತಿರ ಹೋದರೆ ಬಣ್ಣ ಹೆಚ್ಚಾಗಿ ಬಿದ್ದು ಹರಿದು ಇಳಿಯುತ್ತದೆ. ವಿಮಾನ, ಬಳೆ ಎರಡಕ್ಕೂ ಬೇರೆಬೇರೆ ಬಣ್ಣ ಮುಗಿಸಿ. ಕೂಡುವ ಮುಖಗಳಿಗೆ ಮೊದಲೇ ಟೇಪ್ ಹಚ್ಚಿಡಿ, ಇಲ್ಲದಿದ್ದರೆ ಮೇಲೆ ಹೇಳಿದ ಬಣ್ಣದ ಚಕ್ಕೆಯ ಕಥೆ ಮತ್ತೆ ಶುರುವಾಗುತ್ತದೆ. ಬ್ರಿಟನ್ನಿನಲ್ಲಿದ್ದ ವಿಮಾನಗಳ ಮೇಲ್ಭಾಗ ಡಾರ್ಕ್ ಅರ್ತ್ ಮತ್ತು ಡಾರ್ಕ್ ಗ್ರೀನ್. ಕೆಳಭಾಗಕ್ಕೆ ಮತ್ತು ಬಳೆಗೆ ನೀವು ಆರಿಸಿದ ವಿಮಾನದ ಚಿತ್ರವನ್ನೇ ನೋಡಿ ನಡೆಯಿರಿ.

ಕೊನೆಯ ಜೋಡಣೆ ಐದು ನಿಮಿಷದ ಸೂಪರ್‌ಗ್ಲೂ ಕೆಲಸವಲ್ಲ. ಅರ್ಧ ಗಂಟೆ ಸಮಯ ಕೊಡುವ ಎಪಾಕ್ಸಿ ಬಳಸಿ, ವಿಮಾನ ತಲೆಕೆಳಗಾಗಿ ತೊಟ್ಟಿಲಿನಲ್ಲಿದ್ದಂತೆಯೇ ಬಳೆಯನ್ನು ರೆಕ್ಕೆಯ ಆಸರೆಗಳ ಮೇಲೆ ಕೂರಿಸಿ, ಗಾಜಿನಿಂದ ಎಡಬಲ ಎತ್ತರ ಅಳೆದು ಹೊಂದಿಸಿ. ಎಪಾಕ್ಸಿ ಪೂರ್ತಿ ಗಟ್ಟಿಯಾಗಿ, ಮೂಗು ಮತ್ತು ಹಿಂಬದಿಯ ಆಸರೆಯೂ ಕೂತ ಮೇಲೆ ಕೂಡುಗಳಿಗೆ ಸಣ್ಣ ಕುಂಚದಲ್ಲಿ ಬಣ್ಣ ಮುಟ್ಟಿಸಿ. ಮುಂದೆ ಮಾಡೆಲ್ ಎತ್ತುವಾಗ ಒಡಲನ್ನು ರೆಕ್ಕೆಯ ಬುಡದಲ್ಲಿ ಹಿಡಿಯಿರಿ, ಬಳೆಯನ್ನು ಹಿಡಿದು ಎತ್ತಬೇಡಿ.